ದೋಮಿಯೇ ಚಿತ್ರಗಳನ್ನು ಮಕ್ಕಳಿಗೆ ತೋರಿಸುವಾಗ ಅಡಿಬರಹ ಬೇಕೋ, ಬೇಡವೋ?

ಚಿತ್ರದ ಟೀಚರ್, ಬೆಳಗಾವಿ:

ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳಿಗೆ ವ್ಯಂಗ್ಯಚಿತ್ರದ ಬಗ್ಗೆ ಪಾಠ ಮಾಡಬೇಕಾಗಿದೆ. ಆರ್.ಕೆ. ಲಕ್ಷ್ಮಣ್ ಹೆಸರು ಅವರಿಗೆ ಗೊತ್ತು. ಮರಿಯೊ ಮಿರಾಂಡಾ ಹೆಸರು ಗೊತ್ತಿರುವುದಿಲ್ಲ. ಆದರೆ ಗೋವಾ ನಮಗೆ ಮಗ್ಗುಲಲ್ಲೇ ಇರುವುದರಿಂದ ಅವರ ಚಿತ್ರವಿರುವ ಟೀ ಶರ್ಟನ್ನು ಮನೆಯಲ್ಲಿ ಯಾರಾದರೂ ಹಾಕಿಕೊಂಡಿರುತ್ತಾರೆ. ನನಗೆ ಮಾತ್ರ ಈ ಸಲ ಇನ್ನೂ ಹಿಂದಕ್ಕೆ ಹೋಗಿ ಓನೋರೆ ದೋಮಿಯೇಯಿಂದ ಶುರುಮಾಡುವ ಆಸೆ.

ಹೆಸರು ಕೇಳದವರಿಗಾಗಿ ಸ್ವಲ್ಪದರಲ್ಲಿ ಹೇಳುತ್ತೇನೆ. 1808ರ ಫೆಬ್ರವರಿ 26ರಂದು ಫ್ರಾನ್ಸಿನ ಮಾರ್ಸೇಲ್ಸ್‌ನಲ್ಲಿ ಹುಟ್ಟಿದವನು. ಅಪ್ಪನದು ಗಾಜು ಕೂರಿಸುವ ಕಸುಬು, ತಲೆಯಲ್ಲಿ ಕವಿಯಾಗುವ ಹುಚ್ಚು. ಆ ಹುಚ್ಚೇ ಸಂಸಾರವನ್ನು ಪ್ಯಾರಿಸ್ಸಿಗೆ ಎಳೆದು ತಂದಿತು. ಕವಿತೆಯಿಂದ ಒಲೆ ಉರಿಯಲಿಲ್ಲ. ಹುಡುಗ ಎಳೆಯ ವಯಸ್ಸಿಗೇ ಕೋರ್ಟಿನ ಬೇಲಿಫ್ ಒಬ್ಬನ ಕಚೇರಿಯಲ್ಲಿ ಓಡಾಟದ ಕೆಲಸಕ್ಕೆ ಸೇರಿದ, ಆಮೇಲೆ ಪುಸ್ತಕದಂಗಡಿಯಲ್ಲಿ ನಿಂತ, ಬಿಡುವಾದಾಗ ಲೂವ್ರ್ ಸಂಗ್ರಹಾಲಯದಲ್ಲಿ ಶಿಲ್ಪಗಳನ್ನು ನೋಡಿ ಗೆರೆ ತಿದ್ದಿಕೊಂಡ, ಕಲ್ಲಚ್ಚಿನ (ಲಿಥೋಗ್ರಫಿ) ಕೆಲಸ ಕಲಿತ. ಅಲ್ಲಿಂದ ಮುಂದೆ ನಲವತ್ತು ವರ್ಷ ಪತ್ರಿಕೆಗಳಿಗೆ ದುಡಿದ. ಸುಮಾರು 4000 ಕಲ್ಲಚ್ಚಿನ ಚಿತ್ರಗಳು, ಮರದಚ್ಚಿಗಾಗಿ ಬರೆದುಕೊಟ್ಟವು ಸುಮಾರು ಸಾವಿರ, ಇವಲ್ಲದೆ ತೈಲಚಿತ್ರ, ಜಲವರ್ಣ, ಮಣ್ಣಿನ ಮೂರ್ತಿಗಳು.

ನನ್ನ ತೊಡಕು ಇಷ್ಟೇ. ಅವನ ಬಹುಪಾಲು ಚಿತ್ರಗಳ ಕೆಳಗಿರುವ ಮಾತು ಅವನು ಬರೆದದ್ದಲ್ಲ. ಪತ್ರಿಕೆಯ ಒಡೆಯ ಶಾರ್ಲ್ ಫಿಲಿಪಾಂ ಮತ್ತು ಕಚೇರಿಯ ಇತರ ಬರಹಗಾರರು ಅದನ್ನು ಸೇರಿಸುತ್ತಿದ್ದರು. ಆ ಮಾತುಗಳಲ್ಲಿ ಎಷ್ಟೋ ಇಂದು ಹಳಸಿವೆ. ಯಾವ ಮಂತ್ರಿ, ಯಾವ ತೆರಿಗೆ, ಯಾವ ನಾಟಕ ಎಂದು ವಿವರಿಸಿ ಮುಗಿಸುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಅಡಿಬರಹವನ್ನು ಮುಚ್ಚಿ, ಬರೀ ಚಿತ್ರ ತೋರಿಸಿದರೆ ಹೇಗೆ? ಹೊಟ್ಟೆ, ಬೆನ್ನು, ಮೂಗು, ಕೈ ಇವುಗಳಿಂದಲೇ ಮಕ್ಕಳು ಮನುಷ್ಯನನ್ನು ಓದಲಿ ಎಂಬುದು ನನ್ನ ಎಣಿಕೆ. ತಿಳಿದವರು ಹೇಳಿ.

ಮೊಳೆ ಜೋಡಿಸಿದವ, ವಿಜಯಪುರ:

ಟೀಚರಮ್ಮ, ಚಿತ್ರಕ್ಕಿಂತ ಮೊದಲು ಕಲ್ಲನ್ನು ತೋರಿಸಿ. ಅದು ಗೊತ್ತಾಗದೆ ದೋಮಿಯೇಯ ಗೆರೆ ಅರ್ಥವಾಗುವುದಿಲ್ಲ.

ನಾನು ಅಚ್ಚಿನ ಮೊಳೆ (ಸೀಸದ ಅಕ್ಷರ) ಜೋಡಿಸುತ್ತಾ ಶುರುಮಾಡಿ ಆಫ್‌ಸೆಟ್ ಯಂತ್ರದ ಮುಂದೆ ನಿವೃತ್ತನಾದವನು. ಆಫ್‌ಸೆಟ್ಟಿನ ಗುಟ್ಟೂ ಕಲ್ಲಚ್ಚಿನ ಗುಟ್ಟೂ ಒಂದೇ: ಜಿಡ್ಡಿಗೂ ನೀರಿಗೂ ಆಗಿಬರುವುದಿಲ್ಲ. ಜರ್ಮನಿಯ ಆಲೋಯಿಸ್ ಝೆನೆಫೆಲ್ಡರ್ 1790ರ ದಶಕದ ಕೊನೆಯಲ್ಲಿ ಇದನ್ನು ಕಂಡುಕೊಂಡ. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಮೇಣ, ಸಾಬೂನು, ಮಸಿ ಸೇರಿಸಿ ಮಾಡಿದ ಜಿಡ್ಡಿನ ಬಳಪದಿಂದ ಬರೆಯಬೇಕು. ಮೇಲೆ ಗೋಂದಿಗೆ ತುಸು ಆಮ್ಲ ಬೆರೆಸಿ ಸವರಬೇಕು. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಮಸಿಯ ರೋಲರ್ ಉರುಳಿಸಿದರೆ, ಖಾಲಿ ಜಾಗ ನೀರು ಹಿಡಿದುಕೊಂಡು ಮಸಿಯನ್ನು ದೂರ ಇಡುತ್ತದೆ, ಬರೆದ ಜಾಗ ಮಸಿಯನ್ನು ಎಳೆದುಕೊಳ್ಳುತ್ತದೆ. ಕಾಗದ ಇಟ್ಟು ಒತ್ತುವುದಷ್ಟೇ ಬಾಕಿ.

ಇದರಿಂದ ಪತ್ರಿಕೆಗೆ ಏನಾಯಿತೆಂದರೆ, ನಡುವೆ ಕೆತ್ತುವವನೇ ಬೇಡವಾದ. ತಾಮ್ರದಲ್ಲಿ, ಮರದಲ್ಲಿ ಕಲಾವಿದನ ಗೆರೆಯನ್ನು ಇನ್ನೊಬ್ಬ ಕೆತ್ತಬೇಕು, ಕೆತ್ತುವಾಗ ಗೆರೆ ಅವನದೂ ಆಗುತ್ತದೆ. ಕಲ್ಲಿನಲ್ಲಿ ಹಾಗಲ್ಲ. ದೋಮಿಯೇಯ ಕೈ ಎಲ್ಲಿ ಒತ್ತಿತು, ಎಲ್ಲಿ ತೇಲಿತು ಎಂಬುದು ಅಚ್ಚಿನಲ್ಲಿ ಹಾಗೆಯೇ ಕಾಣುತ್ತದೆ. ಅವನ ಕಪ್ಪನ್ನು ಹತ್ತಿರದಿಂದ ನೋಡಿ. ಅದು ಒಂದೇ ಕಪ್ಪಲ್ಲ. ಕಲ್ಲಿನ ತರಿಯ ಮೇಲೆ ಬಳಪ ಹತ್ತಿ ಕುಳಿತ ಚುಕ್ಕೆಗಳ ಕಪ್ಪು, ನಡುನಡುವೆ ಕಾಗದದ ಬಿಳಿ ಉಸಿರಾಡುತ್ತಿರುತ್ತದೆ.

ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಅಚ್ಚಾಗುತ್ತದೆ ಎಂಬುದನ್ನೂ ಮಕ್ಕಳಿಗೆ ಹೇಳಿ. ಸಹಿಯನ್ನು ಕಲ್ಲಿನ ಮೇಲೆ ಉಲ್ಟಾ ಬರೆದರೆ ಮಾತ್ರ ಕಾಗದದ ಮೇಲೆ ಸುಲಟಾ ಬರುತ್ತದೆ.

ನವನಗರ, ಬಾಗಲಕೋಟೆ:

ಸುಣ್ಣಕಲ್ಲು ಎಂದಿರಿ. ನಮ್ಮ ಲೋಕಾಪುರದ ಕಡೆ ಬೇಕಾದಷ್ಟಿದೆ, ಸಿಮೆಂಟ್ ಕಾರ್ಖಾನೆಗಳು ಅದರ ಮೇಲೆಯೇ ಬದುಕಿವೆ. ಅದರಲ್ಲಿ ಆಗುತ್ತದೆಯೇ, ಕಾಕಾ?

ಇನ್ನೊಂದು ಮಾತು. ಫ್ರಾನ್ಸಿನ ಇನ್ನೂರು ವರ್ಷದ ಹಿಂದಿನ ಮನುಷ್ಯ ಬೆಳಗಾವಿಯ ಮಕ್ಕಳಿಗೆ ಏಕೆ? ನಮ್ಮಲ್ಲೇ ಕೊರವಂಜಿ ಎಂಬ ಹಾಸ್ಯಪತ್ರಿಕೆ ಇತ್ತು. ಡಾ. ಎಂ. ಶಿವರಾಂ 1942ರಲ್ಲಿ ಶುರುಮಾಡಿ ಕಾಲು ಶತಮಾನ ನಡೆಸಿದರು. ಲಕ್ಷ್ಮಣ್ ಅಲ್ಲಿ ಬರೆದವರು. ಅದನ್ನು ಬಿಟ್ಟು ಪ್ಯಾರಿಸ್ಸಿಗೆ ಹೋಗುವುದು ನನಗೆ ಸರಿಕಾಣುವುದಿಲ್ಲ.

ಮೊಳೆ ಜೋಡಿಸಿದವ, ವಿಜಯಪುರ:

ಎಲ್ಲ ಸುಣ್ಣಕಲ್ಲೂ ಬರುವುದಿಲ್ಲ ತಮ್ಮಾ. ಕಣ ಅತಿ ಸಣ್ಣದಾಗಿ, ಒಂದೇ ಸಮ ಇರಬೇಕು, ನರ ಇರಬಾರದು. ಬವೇರಿಯಾದ ಝೋಲ್ನ್‌ಹೋಫೆನ್ ಕಲ್ಲು ಅದಕ್ಕೇ ಹೆಸರಾದದ್ದು. ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಹಾಕಿದರಲ್ಲ, ನಮ್ಮ ಅಜ್ಜಿಯಂದಿರ ದೇವರ ಕೋಣೆಯ ಲಕ್ಷ್ಮಿ ಸರಸ್ವತಿಯರು ಬಂದದ್ದು, ಅದೂ ಇದೇ ಕಲ್ಲಚ್ಚಿನ ವಿದ್ಯೆ. ಅಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ದೋಮಿಯೇಗೆ ಒಂದೇ ಕಲ್ಲು, ಕಪ್ಪು ಮಾತ್ರ. ಹೀಗಾಗಿ ಅವನು ನಮಗೆ ಅಷ್ಟೇನೂ ದೂರದವನಲ್ಲ.

ಕರಿಕೋಟು, ಚಿಕ್ಕೋಡಿ:

ನವನಗರದವರ ಪ್ರಶ್ನೆಗೆ ವಕೀಲನಾಗಿ ಉತ್ತರ ಕೊಡುತ್ತೇನೆ. ಚಿತ್ರ ಬರೆದದ್ದಕ್ಕೆ ಮನುಷ್ಯನನ್ನು ಜೈಲಿಗೆ ಹಾಕಬಹುದೇ ಎಂಬ ಪ್ರಶ್ನೆ ಎಲ್ಲ ಊರಿಗೂ ಸೇರಿದ್ದು. ಅದರ ಮೊದಲ ದೊಡ್ಡ ದಾಖಲೆಗಳಲ್ಲಿ ಈತನ ಪ್ರಕರಣ ಒಂದು.

1830ರ ಜುಲೈ ಕ್ರಾಂತಿಯ ನಂತರ ಲೂಯಿ ಫಿಲಿಪ್ ದೊರೆಯಾದ. ಪತ್ರಿಕೆಗಳಿಗೆ ಸ್ವಾತಂತ್ರ್ಯ ಎಂದು ಮಾತು ಕೊಟ್ಟೇ ಪಟ್ಟಕ್ಕೆ ಬಂದವನು. ಫಿಲಿಪಾಂ ಅದೇ ವರ್ಷ ಲಾ ಕಾರಿಕಾತ್ಯೂರ್ ಎಂಬ ವಾರಪತ್ರಿಕೆ ತೆಗೆದ, 1832ರ ಡಿಸೆಂಬರಿನಲ್ಲಿ ಲೆ ಶಾರಿವಾರಿ ಎಂಬ ದಿನಪತ್ರಿಕೆ. ದೋಮಿಯೇ ಎರಡಕ್ಕೂ ಬರೆದ. 1831ರ ಡಿಸೆಂಬರಿನಲ್ಲಿ ಅವನ 'ಗಾರ್ಗಾಂತ್ಯುವಾ' ಬಂತು. ಅದು ಹಳೆಯ ಫ್ರೆಂಚ್ ಕತೆಯೊಂದರ ಹೊಟ್ಟೆಬಾಕ ದೈತ್ಯನ ಹೆಸರು. ದೊರೆ ಬೆಟ್ಟದಂತೆ ಕುಳಿತಿದ್ದಾನೆ. ಬಾಯಿಂದ ನೆಲದವರೆಗೆ ಒಂದು ಹಲಗೆ. ಹರಕು ಬಟ್ಟೆಯ ಜನ ನಾಣ್ಯದ ಬುಟ್ಟಿ ಹೊತ್ತು ಹಲಗೆಯ ಮೇಲೆ ಹತ್ತಿ ಬಾಯಿಗೆ ಸುರಿಯುತ್ತಿದ್ದಾರೆ. ಕುಳಿತದ್ದು ಸಿಂಹಾಸನವೋ ಶೌಚಪೀಠವೋ ಎಂಬ ಅನುಮಾನ ಬೇಡ, ಅಡಿಯಿಂದ ಬಿರುದು, ನೇಮಕಾತಿಯ ಕಾಗದಗಳು ಉದುರುತ್ತಿವೆ, ಆಯ್ದುಕೊಳ್ಳಲು ದೊಡ್ಡ ಮನುಷ್ಯರು ಮುಗಿಬಿದ್ದಿದ್ದಾರೆ.

ಪ್ರತಿಗಳ ಜಪ್ತಿಯಾಯಿತು, ಕಲ್ಲನ್ನು ನಾಶಮಾಡಲು ಆಜ್ಞೆಯಾಯಿತು. ಆರು ತಿಂಗಳ ಸಜೆ, 500 ಫ್ರಾಂಕ್ ದಂಡ. ಸಜೆಯನ್ನು ಕೂಡಲೇ ಜಾರಿ ಮಾಡಲಿಲ್ಲ. ಇವನು ಸುಮ್ಮನಿರಲಿಲ್ಲ, ಮತ್ತೆ ಬರೆದ, 1832ರ ಆಗಸ್ಟ್ ಕೊನೆಗೆ ಹಿಡಿದು ಸೇಂಟ್ ಪೆಲಾಜಿ ಜೈಲಿಗೆ ಹಾಕಿದರು. ಆಗ ಅವನಿಗೆ 24 ವರ್ಷ.

ನಾನು ನನ್ನ ಕಿರಿಯ ವಕೀಲರಿಗೆ ಹೇಳುವುದು ಬೇರೆಯದು. ಫಿಲಿಪಾಂನ ಮೇಲೂ 1831ರಲ್ಲಿ ದೊರೆಯನ್ನು ಅವಮಾನಿಸಿದ ಮೊಕದ್ದಮೆ ನಡೆಯಿತು. ಅವನು ಕೋರ್ಟಿನಲ್ಲೇ ಕಾಗದದ ಮೇಲೆ ನಾಲ್ಕು ಮುಖ ಬರೆದು ತೋರಿಸಿದ. ಮೊದಲನೆಯದು ದೊರೆಯ ಮುಖ, ನಾಲ್ಕನೆಯದು ಬರೀ ಪೇರ್ ಹಣ್ಣು (ಪೇರಲವಲ್ಲ, ಮರಸೇಬು), ನಡುವಿನ ಎರಡು ಸ್ವಲ್ಪ ಸ್ವಲ್ಪ ಜಾರಿದವು. ಹೋಲಿಕೆಯೇ ಅಪರಾಧವಾದರೆ ಎಲ್ಲಿ ಗೆರೆ ಎಳೆಯುತ್ತೀರಿ, ಹಣ್ಣನ್ನೂ ಶಿಕ್ಷಿಸುತ್ತೀರಾ ಎಂಬುದು ಅವನ ವಾದ. ಮೊಕದ್ದಮೆ ಸೋತ. ಆದರೆ ಪ್ಯಾರಿಸ್ಸಿನ ಗೋಡೆಗೋಡೆಯ ಮೇಲೆ ಹುಡುಗರು ಪೇರ್ ಹಣ್ಣು ಬರೆಯತೊಡಗಿದರು. ಇಂಥ ಸೋಲು ನಮಗೂ ಒಮ್ಮೆಯಾದರೂ ಸಿಗಲಿ.

ಮೊಳೆ ಜೋಡಿಸಿದವ, ವಿಜಯಪುರ:

ವಕೀಲ ಸಾಹೇಬರು ಹಣ್ಣಿನ ಕತೆಯ ಉಳಿದರ್ಧವನ್ನು ನನಗೆ ಬಿಟ್ಟುಕೊಟ್ಟರು. 1834ರಲ್ಲಿ ಶಾರಿವಾರಿಯ ವಿರುದ್ಧ ಬಂದ ತೀರ್ಪನ್ನು ಪತ್ರಿಕೆಯಲ್ಲೇ ಅಚ್ಚುಹಾಕಬೇಕೆಂದು ಕೋರ್ಟು ವಿಧಿಸಿತು. ಹಾಕಿದರು, ಮೊದಲ ಪುಟದಲ್ಲೇ. ಸಾಲುಗಳನ್ನು ಮೇಲೆ ಕಿರಿದು, ಕೆಳಗೆ ಅಗಲ ಮಾಡಿ, ಇಡೀ ತೀರ್ಪು ಪೇರ್ ಹಣ್ಣಿನ ಆಕಾರದಲ್ಲಿ ನಿಲ್ಲುವಂತೆ ಮೊಳೆ ಜೋಡಿಸಿದರು. ಮೇಲೆ ತೊಟ್ಟು ಕೂಡ ಇದೆ.

ಕಂಪ್ಯೂಟರಿನಲ್ಲಿ ಇಂದು ಇದು ಮಕ್ಕಳಾಟ. ಸೀಸದ ಮೊಳೆಯಲ್ಲಿ ಪ್ರತಿ ಸಾಲಿನ ಎರಡು ಕಡೆಯೂ ಖಾಲಿ ತುಂಡುಗಳನ್ನು ಲೆಕ್ಕಹಾಕಿ ತುಂಬಬೇಕು, ಒಂದು ಸಡಿಲವಾದರೆ ಚೌಕಟ್ಟು ಎತ್ತುವಾಗ ಪುಟವೆಲ್ಲ ನೆಲಕ್ಕೆ. ಅದನ್ನು ಜೋಡಿಸಿದವನ ಹೆಸರು ಯಾರೂ ಬರೆದಿಟ್ಟಂತೆ ಕಾಣೆ. ದೋಮಿಯೇಯಷ್ಟೇ ಅವನಿಗೂ ನನ್ನ ನಮಸ್ಕಾರ.

ಬಿ.ಎ. ಕೊನೆಯ ವರ್ಷ, ಜಮಖಂಡಿ:

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಉಪ್ಪು ಹಾಕುತ್ತೇನೆ. 1844ರಲ್ಲಿ ಇದೇ ದೋಮಿಯೇ ಬರೆಯುವ, ಓದುವ ಹೆಂಗಸರನ್ನು ಗೇಲಿ ಮಾಡಿ 40 ಚಿತ್ರಗಳ ಮಾಲೆಯನ್ನೇ ತಂದ. ಹೆಂಡತಿ ಕಾವ್ಯ ಬರೆಯುತ್ತ ಕುಳಿತಿದ್ದಾಳೆ, ಮಗು ನೀರಿನ ತೊಟ್ಟಿಯಲ್ಲಿ ತಲೆಕೆಳಗಾಗಿದೆ. ಇಂಥದೇ ಹಾಸ್ಯ. 1848ರ ಕ್ರಾಂತಿಯ ಹೊತ್ತಿಗೆ ಹಕ್ಕು ಕೇಳಿದ ಹೆಂಗಸರ ಮೇಲೆ ಮತ್ತೆರಡು ಮಾಲೆಗಳು. ದೊರೆಯ ಹೊಟ್ಟೆ ಕಂಡವನಿಗೆ ಹೆಣ್ಣಿನ ಹಸಿವು ಕಾಣಲಿಲ್ಲ. ಟೀಚರ್, ನೀವು ತರಗತಿಯಲ್ಲಿ ಇದನ್ನೂ ತೋರಿಸುತ್ತೀರೋ, ಅಥವಾ ಅಡಿಬರಹದ ಜೊತೆಗೆ ಇದನ್ನೂ ಮುಚ್ಚಿಡುತ್ತೀರೋ?

ಚಿತ್ರದ ಟೀಚರ್, ಬೆಳಗಾವಿ:

ತೋರಿಸುತ್ತೇನೆ, ತಂಗಿ. ಅಲ್ಲಿಯೂ ನನ್ನ ಪ್ರಶ್ನೆ ಅದೇ. ಆ ತೊಟ್ಟಿಯ ಚಿತ್ರದಲ್ಲಿ ಗೇಲಿ ಇರುವುದು ವಿಷಯದಲ್ಲಿ. ಗೆರೆಯನ್ನು ನೋಡಿ: ಹೆಂಗಸು ಮೇಜಿನ ಮೇಲೆ ಬಾಗಿದ ರೀತಿಯಲ್ಲಿ ನಿಜವಾದ ತನ್ಮಯತೆ ಇದೆ. ಗೇಲಿ ಮಾಡಲು ಕುಳಿತ ಕೈಗೂ ಕಂಡದ್ದನ್ನು ಸುಳ್ಳು ಮಾಡಲು ಆಗಿಲ್ಲ. ಇದರಿಂದ ಅವನು ನಿರ್ದೋಷಿ ಎಂದು ನಾನು ಹೇಳುವುದಿಲ್ಲ.

ಬಿ.ಎ. ಕೊನೆಯ ವರ್ಷ, ಜಮಖಂಡಿ:

ತನ್ಮಯತೆ ನಿಮಗೆ ಕಂಡಿತು, ನೀವು ಚಿತ್ರಗಾರ್ತಿ. ಅಂದಿನ ಚಂದಾದಾರನಿಗೆ ಕಂಡದ್ದು ತೊಟ್ಟಿಯಲ್ಲಿ ಮುಳುಗಿದ ಮಗು. ಅವನು ಹೆಂಡತಿಯ ಕೈಯಿಂದ ಪುಸ್ತಕ ಕಸಿದುಕೊಳ್ಳಲು ಅಷ್ಟು ಸಾಕು. ನಾನು ಒಪ್ಪುವುದಿಲ್ಲ.

ಕರಿಕೋಟು, ಚಿಕ್ಕೋಡಿ:

ಆ ಮಾಲೆಗಳು ಏಕೆ ಹುಟ್ಟಿದವು ಎಂಬುದಕ್ಕೂ ಕಾನೂನಿನ ಕಾರಣವಿದೆ. ಸಮರ್ಥನೆ ಅಲ್ಲ, ಕಾರಣ. 1835ರ ಜುಲೈನಲ್ಲಿ ದೊರೆಯ ಮೇಲೆ ಕೊಲೆಯತ್ನ ನಡೆಯಿತು. ಅದನ್ನೇ ನೆಪ ಮಾಡಿಕೊಂಡು ಸೆಪ್ಟೆಂಬರಿನಲ್ಲಿ ಹೊಸ ಕಾನೂನು ತಂದರು. ಬರಹಕ್ಕೆ ಮುಂಚಿತ ಪರಿಶೀಲನೆ ಇಲ್ಲ, ಚಿತ್ರಕ್ಕೆ ಮಾತ್ರ ಕಡ್ಡಾಯ. ಸರ್ಕಾರದ ವಾದ ಕೇಳಿ: ಅಭಿಪ್ರಾಯ ಪ್ರಕಟಿಸುವ ಹಕ್ಕನ್ನು ಸನ್ನದು (ಅಂದಿನ ಸಂವಿಧಾನ) ಕೊಟ್ಟಿದೆ, ಆದರೆ ಚಿತ್ರ ಅಭಿಪ್ರಾಯವಲ್ಲ, ಕಣ್ಣಿಗೆ ನೇರವಾಗಿ ನಾಟುವ ಕೃತ್ಯ. ಬಾಯಲ್ಲಿ ಹೇಳಿದ್ದನ್ನು ಕ್ಷಮಿಸುತ್ತೇವೆ, ಕೈಯಲ್ಲಿ ತೋರಿಸಿದ್ದನ್ನು ಕ್ಷಮಿಸುವುದಿಲ್ಲ ಎಂದ ಹಾಗೆ. ಲಾ ಕಾರಿಕಾತ್ಯೂರ್ ಅಲ್ಲಿಗೆ ಮುಚ್ಚಿತು. ದೋಮಿಯೇ ರಾಜಕೀಯ ಬಿಟ್ಟು ಸಮಾಜದ ಕಡೆ ತಿರುಗಿದ್ದು ಹೀಗೆ. ವ್ಯಂಗ್ಯಚಿತ್ರಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರವನ್ನು ಯಾವ ವಿಮರ್ಶಕನೂ ಕೊಟ್ಟಿಲ್ಲ ಎನ್ನಿ.

ನನ್ನ ಅಭಿಪ್ರಾಯದಲ್ಲಿ ಅವನ ಒಳ್ಳೆಯ ಕಾಲ ಶುರುವಾದದ್ದೂ ಅಲ್ಲಿಂದಲೇ. ರೊಬೇರ್ ಮಾಕೇರ್ ಮಾಲೆಯನ್ನು ನೋಡಿ, 1836ರಿಂದ 38ರವರೆಗೆ ನೂರು ಚಿತ್ರ. ಮಾಕೇರ್ ಎಂಬ ಠಕ್ಕ, ಬೆರ್ತ್ರಾಂ ಎಂಬ ಅವನ ಬಾಲ. ಆ ಪಾತ್ರ ನಾಟಕದಿಂದ ಬಂದದ್ದು. ಒಂದು ಚಿತ್ರದಲ್ಲಿ ಬ್ಯಾಂಕ್, ಇನ್ನೊಂದರಲ್ಲಿ ವೈದ್ಯ, ಮತ್ತೊಂದರಲ್ಲಿ ವಕೀಲ. ಮೊದಲ ಚಿತ್ರದಲ್ಲಿ ಬ್ಯಾಂಕ್ ತೆರೆಯೋಣ, ಲಕ್ಷ ಲಕ್ಷ ಕೋಟಿಯ ಬಂಡವಾಳ ಎಂದು ಘೋಷಿಸೋಣ ಎಂದು ಮಾಕೇರ್ ಹೇಳುತ್ತಾನೆ. ಪೊಲೀಸರು ಎಂದು ಬೆರ್ತ್ರಾಂ ಹೆದರಿದರೆ, ಕೋಟ್ಯಧಿಪತಿಯನ್ನು ಯಾರು ಹಿಡಿಯುತ್ತಾರೆ ಎಂಬ ಧಾಟಿಯ ಉತ್ತರ. ಟೀಚರ್, ಈ ಅಡಿಬರಹ ಫಿಲಿಪಾಂನದು. ಇದನ್ನು ಮುಚ್ಚಬೇಡಿ. ನಮ್ಮ ತಾಲೂಕಿನಲ್ಲಿ ಠೇವಣಿ ಕಳೆದುಕೊಂಡು ನನ್ನ ಮೇಜಿನ ಮುಂದೆ ಕುಳಿತವರಿಗೆ ವಿವರಣೆ ಇಲ್ಲದೆ ಅರ್ಥವಾಗುವ ಅಡಿಬರಹ ಇದು.

ನವನಗರ, ಬಾಗಲಕೋಟೆ:

ಇದು ಹಳಸಿಲ್ಲ, ಒಪ್ಪಿದೆ. ನಮ್ಮ ಓಣಿಯಲ್ಲಿ ಒಂದು ಸೊಸೈಟಿ ಬಾಗಿಲು ಹಾಕಿದಾಗ ಅಧ್ಯಕ್ಷರು ಅದೇ ವಾರ ಗೃಹಪ್ರವೇಶ ಮಾಡಿದರು. ಊಟಕ್ಕೆ ಠೇವಣಿದಾರರನ್ನೂ ಕರೆದಿದ್ದರು, ಹೋಗಿಯೂ ಬಂದೆವು.

ವಕೀಲರನ್ನು ಅವನು ಹೇಗೆ ಬರೆದ ಎಂಬುದನ್ನು ಮಾತ್ರ ಕರಿಕೋಟಿನವರು ಜಾಣತನದಿಂದ ದಾಟಿಸಿದರು.

ಕರಿಕೋಟು, ಚಿಕ್ಕೋಡಿ:

ದಾಟಿಸಿಲ್ಲ, ಮುಂದಿನ ತಾರೀಖು ಪಡೆದಿದ್ದೆ ಅಷ್ಟೇ.

ನ್ಯಾಯಾಲಯದ ಮಾಲೆ 1845ರಿಂದ 48ರ ನಡುವಿನದು. ನನ್ನ ಕಚೇರಿಯ ಗೋಡೆಯ ಮೇಲೆ ಅದರದೊಂದು ಪ್ರತಿ ಇದೆ. ಕಕ್ಷಿದಾರರು ನಗುತ್ತಾರೆ, ನಗುತ್ತಲೇ ಫೀಸು ಕೊಡುತ್ತಾರೆ. ವಕೀಲ ತೋಳು ಬೀಸಿದಾಗ ಗೌನಿನ ಮಡಿಕೆ ರೆಕ್ಕೆಯಾಗುತ್ತದೆ. ವಾದ ಕೇಳುತ್ತ ನ್ಯಾಯಾಧೀಶರು ತೂಕಡಿಸುತ್ತಾರೆ. ಈಗತಾನೆ ಕಚ್ಚಾಡಿದ ಎರಡು ಪಕ್ಷದ ವಕೀಲರು ಓಣಿಯಲ್ಲಿ ಕೈಕುಲುಕುತ್ತಾರೆ. ಬೇಲಿಫ್ ಕಚೇರಿಯ ಹುಡುಗ ಕಂಡದ್ದು ಇದೆಲ್ಲ. ಅವನು ಎದುರಿಗೆ ಕೂರಿಸಿಕೊಂಡು ಬರೆಯುವವನಲ್ಲ, ನೋಡಿದ್ದನ್ನು ತಲೆಯಲ್ಲಿಟ್ಟುಕೊಂಡು ಬರೆಯುವವನು. ಕವಿ ಬೋದಿಲೇರ್ 1857ರಲ್ಲಿ ಅವನ ಬಗ್ಗೆ ಬರೆಯುವಾಗ ಈ ನೆನಪಿನ ಶಕ್ತಿಯನ್ನು ಬಹಳ ಮೆಚ್ಚಿದ್ದಾನೆ. ಎಳವೆಯಲ್ಲಿ ಹೊಕ್ಕಿದ ಕೋರ್ಟು ಇಪ್ಪತ್ತೈದು ವರ್ಷ ಕಳೆದರೂ ಹೊರಗೆ ಬರುತ್ತಲೇ ಇತ್ತು. ನಮ್ಮಲ್ಲೂ ಹಾಗೆಯೇ, ಕೋರ್ಟು ಒಮ್ಮೆ ಹೊಕ್ಕರೆ ಬಿಡುವುದಿಲ್ಲ.

ಚಿತ್ರದ ಟೀಚರ್, ಬೆಳಗಾವಿ:

ಮಾಕೇರನ ಅಡಿಬರಹ ಇಡುತ್ತೇನೆ. ಅದು ಜೋಡಿ ಕೆಲಸ, ಒಪ್ಪಿದೆ. ಆದರೆ 1834ರ ಎರಡು ಚಿತ್ರಗಳಿವೆ, ಅವುಗಳಿಗೆ ಯಾರ ಮಾತಿನ ಊರುಗೋಲೂ ಬೇಡ.

ಮೊದಲನೆಯದು 'ಶಾಸನಸಭೆಯ ಹೊಟ್ಟೆ'. ಸಾಲುಸಾಲಾಗಿ ಕುಳಿತ ಶಾಸಕರು. ಒಬ್ಬ ಮೂಗು ಒರೆಸುತ್ತಾನೆ, ಒಬ್ಬ ನಿದ್ದೆಗೆ ಜಾರಿದ್ದಾನೆ, ಇಬ್ಬರು ತಲೆಗೆ ತಲೆ ಕೊಟ್ಟು ಪಿಸುಗುಡುತ್ತಾರೆ, ಮುಂದಿನ ಸಾಲಿನ ಹೊಟ್ಟೆಗಳು ತೊಡೆಯ ಮೇಲೆ ಕುಳಿತಿವೆ. ಇದನ್ನು ಬರೆಯುವ ಹೊತ್ತಿಗೆ ಅವನು ಆ ಶಾಸಕರ ಪುಟ್ಟ ಪುಟ್ಟ ಎದೆಮಟ್ಟದ ಮೂರ್ತಿಗಳನ್ನು ಸುಡದ ಮಣ್ಣಿನಲ್ಲಿ ಮಾಡಿ ಬಣ್ಣ ಬಳಿದಿದ್ದ. 36 ಉಳಿದಿವೆ, ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿವೆ. ಬೆರಳಿನಿಂದ ಒತ್ತಿದ ಕೆನ್ನೆ, ಹಿಸುಕಿದ ಹಣೆ ಅವುಗಳಲ್ಲಿ ಹಾಗೇ ಕಾಣುತ್ತವೆ. ಕಾಗದದ ಮೇಲಿನ ಮುಖಗಳಿಗೆ ತೂಕ ಬಂದದ್ದು ಆ ಮಣ್ಣಿನಿಂದ ಎಂದು ನನಗೆ ಅನಿಸುತ್ತದೆ. ಚಳಿಗಾಲದ ಅಧಿವೇಶನಕ್ಕೆ ಸುವರ್ಣ ವಿಧಾನಸೌಧ ತುಂಬಿದಾಗ ಟಿವಿಯ ಮಾತು ನಿಲ್ಲಿಸಿ ಬರೀ ದೃಶ್ಯ ನೋಡಿ. ಬೆಂಚುಗಳ ವಕ್ರರೇಖೆ ಕೂಡ ಅದೇ.

ಎರಡನೆಯದು 'ತ್ರಾಂಸ್‌ನೊನೆಂ ಬೀದಿ, 15 ಏಪ್ರಿಲ್ 1834'. ಗಲಭೆಯ ದಿನಗಳಲ್ಲಿ ಒಂದು ಮನೆಯಿಂದ ಗುಂಡು ಬಂತೆಂದು ಸೈನಿಕರು ನುಗ್ಗಿ ನಿವಾಸಿಗಳನ್ನು ಕೊಂದರು. ದೋಮಿಯೇ ಸೈನಿಕರನ್ನು ಬರೆಯಲಿಲ್ಲ, ಬಂದೂಕನ್ನೂ ಬರೆಯಲಿಲ್ಲ. ಮಲಗುವ ಕೋಣೆ. ಹಾಸಿಗೆಯಿಂದ ಜಾರಿ ಬಿದ್ದ ಗಂಡಸು, ಮೈಮೇಲೆ ರಾತ್ರಿಯ ಅಂಗಿ, ತಲೆಗೆ ಟೊಪ್ಪಿಗೆ. ಅಂಗಿ ಮೇಲೆ ಸರಿದು ಕಾಲು ಬರಿದಾಗಿದೆ. ಅವನ ದೇಹದ ಅಡಿಯಲ್ಲಿ ಒಂದು ಮಗು. ಬಲಕ್ಕೆ ಒಬ್ಬ ಮುದುಕನ ತಲೆ ಮಾತ್ರ, ಎಡಕ್ಕೆ ಕತ್ತಲಲ್ಲಿ ಒಬ್ಬ ಹೆಂಗಸು. ಉರುಳಿದ ಕುರ್ಚಿ. ಇಡೀ ಚಿತ್ರದ ಬೆಳಕು ಆ ಬಿಳಿ ಅಂಗಿಯ ಮೇಲೆ. ವ್ಯಂಗ್ಯ ಎನ್ನಲು ಏನೂ ಇಲ್ಲ, ಯಾರ ಮೂಗೂ ಉದ್ದವಿಲ್ಲ. ಶೀರ್ಷಿಕೆಯಲ್ಲಿ ಬೀದಿಯ ಹೆಸರು, ತಾರೀಖು, ಅಷ್ಟೇ. ಪತ್ರಿಕೆಯ ಮೇಲೆ ಬಿದ್ದ ದಂಡಗಳನ್ನು ಕಟ್ಟಲು ಫಿಲಿಪಾಂ ಚಂದಾದಾರರಿಗೆ ತಿಂಗಳಿಗೊಂದು ದೊಡ್ಡ ಚಿತ್ರ ಕೊಡುತ್ತಿದ್ದ. 'ಹೊಟ್ಟೆ'ಯೂ ಅದೇ ಮಾಲೆಯದು, ಇದು ಅದರ ಕೊನೆಯ ಚಿತ್ರ. ಅಂಗಡಿಯ ಗಾಜಿನಲ್ಲಿ ತೂಗುಹಾಕಿದಾಗ ಜನ ನೆರೆದರು. ಸಿಕ್ಕ ಪ್ರತಿಗಳನ್ನು ಪೊಲೀಸರು ನಾಶ ಮಾಡಿದರು.

ಇದನ್ನು ಮಕ್ಕಳಿಗೆ ತೋರಿಸುವುದು ಸರಿಯೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದಾರೆ. ಮೊಬೈಲಿನಲ್ಲಿ ಅವರು ದಿನವೂ ನೋಡುವ ಹೆಣಗಳಿಗೆ ಯಾರೂ ಇಷ್ಟು ಮರ್ಯಾದೆ ಕೊಡುವುದಿಲ್ಲ. ನಾನು ತೋರಿಸುತ್ತೇನೆ.

ಬಿ.ಎ. ಕೊನೆಯ ವರ್ಷ, ಜಮಖಂಡಿ:

ಇದಕ್ಕೆ ನನ್ನ ತಕರಾರಿಲ್ಲ. ಆದರೆ ತಾರೀಖನ್ನು ಮುಚ್ಚಬೇಡಿ, ಟೀಚರ್. ಬೀದಿ ಮತ್ತು ತಾರೀಖು ತೆಗೆದರೆ ಅದು ಯಾವುದೋ ದುಃಖದ ಚಿತ್ರ. ಅವು ಇದ್ದರೆ ಅದು ಸಾಕ್ಷಿ.

ಕರಿಕೋಟು, ಚಿಕ್ಕೋಡಿ:

ಈ ಹುಡುಗಿ ಕಾನೂನು ಓದಲಿ.

ರೈಲ್ವೆ ನಿವೃತ್ತ, ಖಾನಾಪುರ:

ಮೂರನೆಯ ದರ್ಜೆಯ ಡಬ್ಬಿಯ ಚಿತ್ರದ ಬಗ್ಗೆ ಯಾರೂ ಮಾತೆತ್ತಲಿಲ್ಲವಲ್ಲ. ನನಗೆ ದೋಮಿಯೇ ಎಂದರೆ ಅದೊಂದೇ. ಮುಂದೆ ಕುಳಿತ ಅಜ್ಜಿ ಬುಟ್ಟಿಯ ಹಿಡಿಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಾಳೆ. ಒಂದು ಮಗ್ಗುಲಲ್ಲಿ ಮಗುವಿಗೆ ಹಾಲೂಡಿಸುವ ತಾಯಿ, ಇನ್ನೊಂದು ಮಗ್ಗುಲಲ್ಲಿ ನಿದ್ದೆಹೋದ ಹುಡುಗ. ಹಿಂದೆ ಬೆನ್ನುಗಳು, ಟೋಪಿಗಳು. ಅಜ್ಜಿ ನಮ್ಮ ಕಡೆ ನೋಡುತ್ತಿದ್ದಾಳೆ, ಆದರೆ ನಮ್ಮನ್ನು ನೋಡುತ್ತಿಲ್ಲ. ಲೋಂಡಾ ಮೀರಜ್ ದಾರಿಯಲ್ಲಿ ಟಿಕೆಟ್ ತಪಾಸಣೆ ಮಾಡುತ್ತ ಆ ಅಜ್ಜಿಯನ್ನು ನಾನು ಇಡೀ ನೌಕರಿ ಕಂಡಿದ್ದೇನೆ. ಟಿಕೆಟ್ ಸೆರಗಿನ ಗಂಟಿನಲ್ಲಿರುತ್ತಿತ್ತು. 1974ರಲ್ಲಿ ಮೂರನೆಯ ದರ್ಜೆ ರದ್ದಾಯಿತು, ಬೋರ್ಡು ಬದಲಾಯಿತು, ಅಜ್ಜಿ ಬದಲಾಗಲಿಲ್ಲ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವುದು ಮುಗಿಯದ ಚಿತ್ರ ಎನ್ನುತ್ತಾರೆ. ದೊಡ್ಡದು ಮಾಡಿ ನೋಡಿದರೆ ಬಣ್ಣದ ಕೆಳಗೆ ಚೌಕದ ಗೆರೆಗಳು ಕಾಣುತ್ತವೆ. ಅವು ಏಕೆ?

ಚಿತ್ರದ ಟೀಚರ್, ಬೆಳಗಾವಿ:

ಚಿಕ್ಕ ಚಿತ್ರವನ್ನು ದೊಡ್ಡ ಬಟ್ಟೆಗೆ ಇಳಿಸಿಕೊಳ್ಳಲು ಹಾಕುವ ಚೌಕಗಳು, ಸರ್. ನಮ್ಮ ಪೇಂಟರುಗಳು ಸಿನಿಮಾ ಬ್ಯಾನರಿಗೆ ಹಾಕುತ್ತಿದ್ದುದೂ ಅವೇ. ಆ ಚಿತ್ರ 1862ರಿಂದ 64ರ ಸುಮಾರಿನದು. 1860ರಲ್ಲಿ ಶಾರಿವಾರಿ ಅವನನ್ನು ಕೈಬಿಟ್ಟಿತ್ತು. ಓದುಗರಿಗೆ ಬೇಸರವಾಗಿದೆ ಎಂಬ ಮಾತು. ಸುಮಾರು ಮೂರು ವರ್ಷ ಪತ್ರಿಕೆಯ ಕಲ್ಲು ಅವನ ಮನೆಗೆ ಬರಲಿಲ್ಲ. ಆಗ ಬಣ್ಣದ ಕೆಲಸಕ್ಕೆ ಮನಸ್ಸುಕೊಟ್ಟ. ಅಗಸಗಿತ್ತಿಯರು, ಬೀದಿ ಕಲಾವಿದರು, ಡಾನ್ ಕ್ವಿಕ್ಸಾಟ್. ಜೀವಂತ ಇರುವಾಗ ಅವನನ್ನು ವರ್ಣಚಿತ್ರಕಾರನೆಂದು ಬಲ್ಲವರು ಕೆಲವೇ ಗೆಳೆಯರು.

ನವನಗರ, ಬಾಗಲಕೋಟೆ:

ಇಲ್ಲಿಗೆ ಬಡಕಲಾವಿದನ ಕತೆ ಬರುತ್ತದೆ ಎಂದು ಕಾಯುತ್ತಿದ್ದೆ. ಕಣ್ಣು ಹೋಯಿತು, ಗೆಳೆಯ ಮನೆ ಕೊಟ್ಟ, ಸತ್ತ ಮೇಲೆ ಹೊಗಳಿದರು. ನಮ್ಮ ಕಲಾವಿದರ ಬಗ್ಗೆಯೂ ಇದನ್ನೇ ಬರೆಯುತ್ತಾರೆ, ಸನ್ಮಾನದ ಶಾಲಿನ ಜೊತೆ.

ಕರಿಕೋಟು, ಚಿಕ್ಕೋಡಿ:

ಕತೆ ಹಾಗೆಯೇ ಇದೆ, ಏನು ಮಾಡುವುದು. ಕೊನೆಯ ವರ್ಷಗಳು ವಾಲ್ಮೊಂದ್ವಾ ಎಂಬ ಹಳ್ಳಿಯಲ್ಲಿ. ಭೂದೃಶ್ಯದ ಚಿತ್ರಕಾರ ಕೊರೊ ಮನೆಯ ವಿಷಯದಲ್ಲಿ ನೆರವಾದ. ಕಣ್ಣು ಮಂಜಾಯಿತು. 1878ರಲ್ಲಿ ಗೆಳೆಯರು ದ್ಯೂರಾಂ ರುಯೆಲ್ ಗ್ಯಾಲರಿಯಲ್ಲಿ ಪ್ರದರ್ಶನ ಏರ್ಪಡಿಸಿದರು, ವಿಕ್ಟರ್ ಹ್ಯೂಗೊ ಗೌರವಾಧ್ಯಕ್ಷ. ಖರ್ಚೂ ಹುಟ್ಟಲಿಲ್ಲ. 1879ರ ಫೆಬ್ರವರಿಯಲ್ಲಿ ತೀರಿಕೊಂಡ.

ಆದರೆ ಶಾಲಿನ ಮಾತು ತೆಗೆದಿರಿ, ಅದಕ್ಕೆ ಹೇಳುತ್ತೇನೆ. 1870ರಲ್ಲಿ ಸರ್ಕಾರ ಅವನಿಗೆ ಲೀಜನ್ ಆಫ್ ಆನರ್ ಎಂಬ ಗೌರವ ಪದವಿ ಕೊಡಹೊರಟಿತು. ಅದೇ ವರ್ಷ ಕೂರ್ಬೆ ಎಂಬ ಚಿತ್ರಕಾರನೂ ನಿರಾಕರಿಸಿದ, ಊರೆಲ್ಲ ಕೇಳುವಂತೆ ಪತ್ರ ಬರೆದು. ದೋಮಿಯೇ ಗದ್ದಲವಿಲ್ಲದೆ ಬೇಡ ಎಂದ. ಪದವಿಯ ಕಾಗದ ದೊರೆಯ ಅಡಿಯಿಂದ ಉದುರುವುದನ್ನು ಬರೆದಿದ್ದವನು ಅದನ್ನು ಬಗ್ಗಿ ಎತ್ತಿಕೊಳ್ಳುವುದಾದರೂ ಹೇಗೆ?

ನವನಗರ, ಬಾಗಲಕೋಟೆ:

ಇದು ಚೆನ್ನಾಗಿದೆ. ಕೊರವಂಜಿಯನ್ನೂ ಪಾಠದಲ್ಲಿ ಸೇರಿಸುವುದಾದರೆ ನನ್ನ ವಿರೋಧ ಹಿಂದಕ್ಕೆ. ಮಾಮ ಇಟ್ಟುಕೊಂಡಿದ್ದ ಹಳೆಯ ಸಂಚಿಕೆಗಳಿವೆ, ಸ್ಕ್ಯಾನ್ ಮಾಡಿ ಕಳಿಸುತ್ತೇನೆ.

ಚಿತ್ರದ ಟೀಚರ್, ಬೆಳಗಾವಿ:

ಕಳಿಸಿ, ಖಂಡಿತ ಸೇರಿಸುತ್ತೇನೆ. ಹೀಗೆ ಮಾಡುತ್ತೇನೆ: ಮೊದಲ ದಿನ 'ಹೊಟ್ಟೆ' ಮತ್ತು ಕೋರ್ಟಿನ ಚಿತ್ರಗಳು, ಅಡಿಬರಹವಿಲ್ಲದೆ. ಯಾರು ಏನು ಹೇಳುತ್ತಿರಬಹುದು ಎಂದು ಮಕ್ಕಳೇ ಬರೆಯಲಿ. ಆಮೇಲೆ ಮಾಕೇರ್, ಫಿಲಿಪಾಂನ ಮಾತಿನೊಂದಿಗೆ. ತ್ರಾಂಸ್‌ನೊನೆಂ ಬೀದಿ, ತಾರೀಖಿನೊಂದಿಗೆ. ನೀರಿನ ತೊಟ್ಟಿಯ ಚಿತ್ರವನ್ನು ಅಡಿಬರಹ ಇಟ್ಟು ಒಮ್ಮೆ, ಇಲ್ಲದೆ ಒಮ್ಮೆ ತೋರಿಸಿ, ಜಮಖಂಡಿಯ ತಂಗಿಗೂ ನನಗೂ ಮುಗಿಯದ ಜಗಳವನ್ನು ಹುಡುಗಿಯರಿಗೆ ಒಪ್ಪಿಸುತ್ತೇನೆ. ಮೆಟ್ರೊಪಾಲಿಟನ್ ಸಂಗ್ರಹಾಲಯದ ಜಾಲತಾಣದಲ್ಲಿ ದೊಡ್ಡ ಗಾತ್ರದ ಚಿತ್ರಗಳು ಉಚಿತವಾಗಿ ಸಿಗುತ್ತವೆ. ತ್ರಾಂಸ್‌ನೊನೆಂ ಮೂಲದಲ್ಲಿ ಹೆಚ್ಚುಕಡಿಮೆ ಎ3 ಹಾಳೆಯಷ್ಟೇ ಇದೆ, ಹಾಗಾಗಿ ನಿಜವಾದ ಅಳತೆಯಲ್ಲೇ ಅಚ್ಚು ಹಾಕಿಸಬಹುದು.

ಕಾಕಾ, ಕಲ್ಲು ತೋರಿಸಿ ಎಂದಿರಿ. ಕಲ್ಲು ಎಲ್ಲಿಂದ ತರಲಿ?

ಮೊಳೆ ಜೋಡಿಸಿದವ, ವಿಜಯಪುರ:

ಕಲ್ಲು ಬೇಡ, ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆ ಸಾಕು. ಮಂಕಾದ ಬದಿ ಮೇಲೆ ಮಾಡಿ ದಪ್ಪ ಪ್ಲಾಸ್ಟಿಕ್ ಹಲಗೆಗೆ ಬಿಗಿಯಾಗಿ ಸುತ್ತಿ. ಬೆರಳು ತಾಗಿಸಬೇಡಿ, ಬೆರಳಿನ ಜಿಡ್ಡೂ ಅಚ್ಚಾಗುತ್ತದೆ. ಒಣಗಿದ ಸಾಬೂನಿನ ತುಂಡಿನಿಂದಲೋ ಎಣ್ಣೆ ಬಳಪದಿಂದಲೋ ಮಕ್ಕಳು ಬರೆಯಲಿ. ಮೇಲೆ ಕೋಲಾ ಪಾನೀಯ ಸುರಿಯಿರಿ. ಅದರಲ್ಲಿನ ಆಮ್ಲ ಖಾಲಿ ಜಾಗವನ್ನು ನೀರು ಹಿಡಿಯುವಂತೆ ಮಾಡುತ್ತದೆ. ನೀರಿನಲ್ಲಿ ತೊಳೆದು, ಅಡುಗೆ ಎಣ್ಣೆ ಹಚ್ಚಿದ ಬಟ್ಟೆಯಿಂದ ಬರೆದದ್ದನ್ನು ಒರೆಸಿಬಿಡಿ. ಚಿತ್ರ ಹೋಯಿತೆಂದು ಮಕ್ಕಳು ಕೂಗುತ್ತಾರೆ, ಹೋಗಿರುವುದಿಲ್ಲ. ಸ್ಪಂಜಿನಿಂದ ಒದ್ದೆ ಮಾಡುತ್ತ ಎಣ್ಣೆಯ ಮಸಿ ಉರುಳಿಸಿದರೆ ಗೆರೆ ಮತ್ತೆ ಎದ್ದು ಬರುತ್ತದೆ. ಒದ್ದೆ ಆರಿದರೆ ಮಾತ್ರ ಎಲ್ಲ ಕಪ್ಪಾಗುತ್ತದೆ, ಅದಕ್ಕೇ ಒಬ್ಬ ಹುಡುಗನನ್ನು ಸ್ಪಂಜಿಗೆಂದೇ ನಿಲ್ಲಿಸಿ.

ಆಫ್‌ಸೆಟ್ ಮಸಿಯ ಅರ್ಧ ಡಬ್ಬಿ ಮತ್ತು ಕೈ ರೋಲರ್ ನನ್ನ ಹತ್ತಿರ ಇವೆ. ದಿನ ತಿಳಿಸಿ, ಬೆಳಗಿನ ಬಸ್ಸಿಗೆ ತರುತ್ತೇನೆ. ಸಮವಸ್ತ್ರದ ಮೇಲೆ ಹಳೆಯ ಅಂಗಿ ಹಾಕಿಕೊಂಡು ಬರಲು ಹೇಳಿ, ಈ ಮಸಿ ಯಾವ ಸಾಬೂನಿಗೂ ಬಿಡುವುದಿಲ್ಲ.